ನೀಲಿ ದಾರದ ಗೂಡು

ಜುಲೈ 21, ಸಂಜೆ 5.30

ಆಳುಗಳ ಹಾಜರಿ, ಮಸ್ಟರ್ ಬರೆದಾಯಿತು. ಮೆಣಸಿನ ಬಳ್ಳಿ ಕಟ್ಟುವ ಕೆಲಸ ಜೋರಾಗಿ ಸಾಗಿದೆ. ಬಾಳೆನಾರಿನ ಬದಲು ನೀಲಿ ಪ್ಲಾಸ್ಟಿಕ್ ದಾರ ಕೊಡಿಸಿದ್ದು ನಾನೇ. ಮೇಸ್ತ್ರಿ ಮುದ್ದಮ್ಮನಿಗೆ ಇಷ್ಟವಿಲ್ಲ. "ನಾರಾದ್ರೆ ಕೊಳೆದೋಗುತ್ತೆ ಮೇಡಂ, ಇದು ಎಲ್ಲಿಗೋಗುತ್ತೆ?" ಹಳೇ ಕಾಲದವರು. ತೋಟದ ಲೆಕ್ಕ ಬರೆಯುವ ರೈಟರ್ ಆದ ಮೇಲೆ ನಾನು ಒಂದಾದರೂ ಹೊಸದು ತರಬೇಡವೇ?

ಕ್ವಾರ್ಟರ್ಸ್ ಹಿಂದಿನ ನಿಂಬೆ ಗಿಡದಲ್ಲಿ ರಾಟವಾಳದ ಜೋಡಿ ಗೂಡು ಕಟ್ಟುತ್ತಿದೆ. ಗುಬ್ಬಿಗಿಂತ ಚಿಕ್ಕ ಹಕ್ಕಿ. ಹುಲ್ಲಿನ ಜೊತೆ ನಮ್ಮ ನೀಲಿ ದಾರ! ಫೋಟೋ ತೆಗೆದೆ. ಹೆಮ್ಮೆ ಬೇರೆ.

ಜುಲೈ 25

ಪಕ್ಕದ ಗೂಡಿಗೂ ನೀಲಿ. ಮೂರನೆಯದಕ್ಕೂ. ಹುಲ್ಲು ಬೇಕಾದಷ್ಟಿದೆ, ಆದರೂ ಮೊದಲ ಜೋಡಿ ತಂದದ್ದೇ ಎಲ್ಲರಿಗೂ ಬೇಕು. ಒಬ್ಬಳ ಸೀರೆ ನೋಡಿ ಆಳುಗಳ ಇಡೀ ಲೈನ್ ಮನೆಯವರು ಅದೇ ಸೀರೆ ತಂದ ಹಾಗೆ.

ಆಗಸ್ಟ್ 27, ಮಧ್ಯಾಹ್ನ

ಹೇಗೆ ಬರೆಯಲಿ... ಮೊದಲ ಗೂಡಿನಲ್ಲಿ ಬೆಳಗಿನಿಂದ ಚೀರಾಟ. ಸ್ಟೂಲ್ ಹತ್ತಿ ನೋಡಿದರೆ — ಒಂದು ಮರಿಯ ಕಾಲಿಗೆ ದಾರ ಸುತ್ತಿ ಬಿಗಿದಿದೆ. ಪಾದ ಕಪ್ಪಾಗಿದೆ. ಮುದ್ದಮ್ಮ ಮರಿ ಹಿಡಿದರು, ನಾನು ನೇಲ್ ಕಟರ್‌ನಿಂದ ದಾರ ಕತ್ತರಿಸಿದೆ.

"ನಾವು ಮುಟ್ಟಿದ್ವಲ್ಲ, ತಾಯಿ ಬಿಟ್ಟುಬಿಡುತ್ತಾ?" ಕೇಳಿದೆ.

"ಹಂಗೇನಿಲ್ಲ. ಹಸಿದ ಮರೀನ ಬಿಡೋ ತಾಯಿ ಯಾವ್ದು? ನೀವು ಕೆಳಗಿಳೀರಿ, ಅದು ಬರ್ಲಿ."

ಬಂತು. ಗುಟುಕು ಕೊಟ್ಟಿತು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ನನ್ನದೇ ತಪ್ಪು.

ಆಗಸ್ಟ್ 31, ಭಾನುವಾರ

ರಜೆ. ಮುದ್ದಮ್ಮನೂ ನಾನೂ ಬಳ್ಳಿಗಳ ನೀಲಿ ದಾರ ಬಿಚ್ಚಿ ನಾರು ಕಟ್ಟಿದೆವು. ಇಡೀ ದಿನಕ್ಕೆ ನಾಲ್ಕೇ ಸಾಲು. ಜಿಗಣೆ ಕಚ್ಚಿದ್ದಕ್ಕೆ ಲೆಕ್ಕವಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು.

"ನಿಮ್ಮ ಮಾತು ಕೇಳ್ಬೇಕಿತ್ತು" ಅಂದೆ.

"ಈಗ ಕೇಳಿದ್ರಲ್ಲ, ಸಾಕು ಬಿಡಿ ಮಾರಾಯ್ರೆ" ಅಂದು ನಕ್ಕರು. ಬಾಯಿ ತುಂಬ ಎಲೆಅಡಿಕೆ.

ಸೆಪ್ಟೆಂಬರ್ 3, ಬೆಳಿಗ್ಗೆ 7.10

ಕಿಟಕಿಯ ಬಳಿ ಕೂತು ಬರೆಯುತ್ತಿದ್ದೇನೆ. ಮರಿಯ ಪಾದ ಒಣಗಿ ಉದುರಿದೆ. ಉಳಿದ ಮೂರು ಮರಿಗಳು ಕೊಂಬೆಗೆ ಬಂದು ಕೂತಿವೆ. ಇದು ಮಾತ್ರ ಗೂಡಿನ ಬಾಯಲ್ಲೇ. ಹಾರದಿದ್ದರೆ ಬದುಕುವುದಿಲ್ಲ... ತಾಯಿ ಎದುರಿನ ಸಿಲ್ವರ್ ಓಕ್‌ಗೆ ಹೋಗಿ ಕರೆಯುತ್ತಿದೆ. ಒಂದು ಮರಿ ಹಾರಿತು. ಇನ್ನೊಂದು. ಮೂರನೆಯದೂ. ನಮ್ಮದು ತಲೆ ವಾಲಿಸಿ ಅವುಗಳನ್ನೇ ನೋಡುತ್ತಿದೆ. ಮುದ್ದಮ್ಮ ನನ್ನ ಭುಜ ಹಿಡಿದು ನಿಂತಿದ್ದಾರೆ. "ಹೋಗು ಮಗಾ..." ರೆಕ್ಕೆ ಬಿಚ್ಚಿತು. ಇದೂ ಹಾರಿತು —