ತಡೆಗೈಯವಳ ಹೊಟ್ಟೆಕಿಚ್ಚು

ಬಿಸಿಲುಗಾಲದ ಐವತ್ತೊಂದನೆಯ ಸೋಮವಾರ, ಇಸವಿ ೨೩೧೪
ಕೆಂಪುಕಲ್ಲ ಗುಡ್ಡದ ತಣ್ಣೆಲೆ, ಇಳಕಲ್ ಸೀಮೆ

ಕಾಣದ ಹಿರಿಯರೇ,

ಮೇಲಿನ ತಾರೀಖನ್ನು ನೋಡಿ ಇದು ಯಾವುದೋ ಹುಚ್ಚರ ಕಾಗದವೆಂದು ನೀವು ಎಸೆದುಬಿಡಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಲುಗಾಲ ಮುಗಿಯುವುದನ್ನು ಕಾದು ಕಾದು ಸಾಕಾಗಿ ನಾವು ಅದರ ಸೋಮವಾರಗಳನ್ನೇ ಎಣಿಸುವ ರೂಢಿಗೆ ಬಂದಿದ್ದೇವೆ. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಅದಕ್ಕಾಗಿ ಕ್ಷಮೆಯಿರಲಿ. ಈ ಕಾಗದವನ್ನು ನಾನು ಬರೆಯುತ್ತಿರುವುದು ನಿಯಮದ ಪ್ರಕಾರ. ಬಂಡೆಯೊಳಗೆ ನಿಮ್ಮ ಕಾಲದ ಸಿಡಿಯದ ಮದ್ದು ಸಿಕ್ಕರೆ, ಅದನ್ನು ಕಂಡವರು ಅದನ್ನು ಬಿಟ್ಟುಹೋದವರಿಗೆ ಒಂದು ಕಾಗದ ಬರೆಯಬೇಕೆಂದು ಬಂಡೆ ಸಿಡಿಸಲು ಪರವಾನಗಿ ಕೊಡುವ ನಮ್ಮ ಸನ್ನದು ಮಂಡಳಿ ಹೇಳುತ್ತದೆ. ತಲುಪುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಬರೆದರೆ ಸಿಟ್ಟು ಇಳಿಯುತ್ತದೆ, ಸಿಟ್ಟು ಇಳಿದರೆ ಮರುದಿನ ಕೈ ನಡುಗುವುದಿಲ್ಲ ಎಂಬ ಲೆಕ್ಕಾಚಾರವಿರಬೇಕು. ಹೆಚ್ಚಿನವರು ಬೈದು ಬರೆಯುತ್ತಾರೆ. ನಾನೂ ಬೈಯಲೆಂದೇ ಕುಳಿತೆ.

ಆದರೆ ನಿಮ್ಮ ಮೇಲೆ ನನಗಿರುವುದು ಸಿಟ್ಟಿಗಿಂತ ಹೊಟ್ಟೆಕಿಚ್ಚು. ನೀವು ವೈಶಾಖದ ಮಧ್ಯಾಹ್ನ ಬೇವಿನ ಮರದ ಕೆಳಗೆ ಹೊರಸು ಹಾಕಿ ಮಲಗುತ್ತಿದ್ದಿರಂತೆ. ನಾವು ಹೊತ್ತೇರಿದ ಮೇಲೆ ಹೊರಗೆ ನಿಂತರೆ ಚಪ್ಪಲಿಯ ಅಡಿ ಮೆತ್ತಗಾಗುತ್ತದೆ. ಅದಕ್ಕೇ ನಮ್ಮ ಜನ ಗುಡ್ಡದೊಳಗೆ ವಾಸಕ್ಕೆ ಹೋದರು. ಬಂಡೆಯನ್ನು ಸಿಡಿಸಿ, ಒಳಗೆ ಓಣಿ, ಮನೆ, ಬಾವಿ, ದನದ ಕೊಟ್ಟಿಗೆ ಎಲ್ಲವನ್ನೂ ಕೊರೆದು ಮಾಡಿದ ಊರಿಗೆ ತಣ್ಣೆಲೆ ಎನ್ನುತ್ತೇವೆ. ರೊಟ್ಟಿ ಬಡಿಯುವ ಸದ್ದು ಇಲ್ಲಿ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುತ್ತದೆ. ಜೋಳ ಮೇಲೆ ಬೆಳೆಯುತ್ತದೆ, ಬೆಳಗಿನ ಜಾವ ಹೋಗಿ ಕೊಯ್ದುಕೊಂಡು ಬರುತ್ತೇವೆ. ಮಗುವೊಂದು ಹುಟ್ಟಿತೆಂದರೆ ಅದಕ್ಕೆ ಜಾಗವಾಗಬೇಕು, ಜಾಗವಾಗಬೇಕೆಂದರೆ ಮದ್ದು ಬೇಕು. ಹೀಗಾಗಿ ನಿಮ್ಮಲ್ಲಿ ಊರಾಚೆ ದೂಳಿನಲ್ಲಿ ನಡೆಯುತ್ತಿದ್ದ ಕೆಲಸ ನಮ್ಮಲ್ಲಿ ಊರಿನ ಎಲ್ಲಕ್ಕಿಂತ ದೊಡ್ಡ ಗೌರವದ ಕೆಲಸವಾಗಿದೆ.

ಈ ಕೆಲಸಕ್ಕೆ ಸನ್ನದು ಒಬ್ಬರಿಗೆ ಸಿಗುವುದಿಲ್ಲ, ಇಬ್ಬರಿಗೆ ಜೋಡಿಯಾಗಿ ಸಿಗುತ್ತದೆ. ತೂತುಗಳನ್ನು ಗುರುತು ಮಾಡಿ, ಮದ್ದು ತುಂಬಿಸಿ, ಕೊನೆಗೆ ಸಿಡಿಸುವ ಕೀಲಿ ತಿರುಗಿಸುವವರು ಒಡೆಗೈ. ಎಲ್ಲವನ್ನೂ ಮರಳಿ ನೋಡಿ, ಸಂಶಯ ಬಂದರೆ ‘ತಡೆ’ ಎಂದು ಹೇಳುವವರು ತಡೆಗೈ. ತಡೆಗೈ ಒಪ್ಪದೆ ಒಡೆಗೈಯ ಕೀಲಿ ತಿರುಗುವುದೇ ಇಲ್ಲ. ಮದ್ದಿನ ಮನೆ ಊರಿನಿಂದ ದೂರ ಇದೆಯೇ, ಮದ್ದಿಗೆ ಕಿಡಿ ಕೊಡುವ ಸಿಡಿಕಡ್ಡಿಗಳನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದಾರೆಯೇ, ಒಳಗೆ ಹೋದವರೆಲ್ಲ ಹೊರಗೆ ಬಂದರೇ, ಯಾರ ಚಪ್ಪಲಿಯಲ್ಲಾದರೂ ಕಲ್ಲಿಗೆ ತಾಗಿ ಕಿಡಿ ಹಾರಿಸುವ ಮೊಳೆ ಉಂಟೇ, ಸದ್ದಾದ ಮೇಲೆ ಹೊಗೆ ಇಳಿಯುವ ಮುಂಚೆ ಯಾರಾದರೂ ನುಗ್ಗಿದರೇ, ಇವೆಲ್ಲ ತಡೆಗೈಯ ತಲೆನೋವು. ಒಡೆಗೈ ನಡೆದು ಬಂದರೆ ಮದುವೆ ದಿಬ್ಬಣ ನಿಂತು ದಾರಿ ಬಿಡುತ್ತದೆ. ತಡೆಗೈ ನಡೆದು ಬಂದರೆ ಜನ ತಮ್ಮ ಚಪ್ಪಲಿ ಬಚ್ಚಿಡುತ್ತಾರೆ.

ನಾನು ನೀಲವ್ವ ಹೂಲಗೇರಿ, ತಡೆಗೈ. ನನ್ನ ಜೋಡಿಯ ಒಡೆಗೈ ದ್ಯಾಮವ್ವ ಕಲ್ಲೂರ.

ನಾವಿಬ್ಬರೂ ಒಂದೇ ವರ್ಷ ಕಲಿತವರು, ಇಬ್ಬರೂ ಒಡೆಗೈಯ ಸನ್ನದಿಗೇ ಅರ್ಜಿ ಹಾಕಿದವರು. ಬರವಣಿಗೆಯ ಪರೀಕ್ಷೆಯಲ್ಲಿ ನಾನೇ ಮುಂದಿದ್ದೆ. ಆಮೇಲೆ ಮಂಡಳಿಯ ಅಧಿಕಾರಿ ವಿರೂಪಾಕ್ಷಿ ದೇಸಾಯಿ ಎಂಬ ಹೆಂಗಸು ಬಂದು, ನಮ್ಮಿಬ್ಬರನ್ನೂ ಗೋಡೆಯ ಮುಂದೆ ನಿಲ್ಲಿಸಿ ಕೆಲಸ ನೋಡಿದರು. ದ್ಯಾಮವ್ವ ಬಂಡೆಯನ್ನು ಒಮ್ಮೆ ಸವರಿ ಸೀಮೆಸುಣ್ಣ ಹಿಡಿದವಳು ನಿಲ್ಲಲೇ ಇಲ್ಲ, ಒಂದೇ ಉಸಿರಿಗೆ ಗುರುತು ಹಾಕಿ ಮುಗಿಸಿದಳು. ನಾನು ಹಾಕಿದ ಗುರುತನ್ನು ಅಳಿಸಿದೆ, ಮತ್ತೆ ಹಾಕಿದೆ, ಮತ್ತೆ ಅಳಿಸಿದೆ. ಅಧಿಕಾರಿ ನಕ್ಕರು. “ನೀಲವ್ವಾ, ನಿನಗ ಸಂಶೇ ಭಾಳ. ಅದು ತಡೆಗೈಗೆ ಬೇಕಾದದ್ದು” ಎಂದರು. ಅವರು ಹೊಗಳಿದರೆಂದು ಮನೆಯಲ್ಲಿ ಎಲ್ಲರೂ ಹೇಳಿದರು. ನನಗೆ ಮಾತ್ರ ಆ ದಿನದಿಂದ ದ್ಯಾಮವ್ವನ ಕೈಯನ್ನು ನೋಡದೆ ಇರಲು ಆಗಿಲ್ಲ.

ಅವಳ ಕೈ ಚೆಂದ. ದನಿಯೂ ಚೆಂದ. ಸಿಡಿಸುವ ಮುಂಚೆ “ಸರೀರೀ ಎಲ್ಲಾರೂ” ಎಂದು ಅವಳು ಕೂಗಿದರೆ ಆಡುಗಳೂ ಸರಿದು ನಿಲ್ಲುತ್ತವೆ. ಅವಳು ಸಿಡಿಸಿದ ಬಂಡೆ ಚೂರಾಗುವುದಿಲ್ಲ, ಕಡುಬಿನ ಹಾಗೆ ಹೋಳಾಗಿ ಬೀಳುತ್ತದೆ. ಹೊಸ ಮನೆಯ ಮೊದಲ ಒಬ್ಬಟ್ಟು ಅವಳಿಗೆ ಹೋಗುತ್ತದೆ. ನನ್ನ ಮಗಳು ಗಂಗಾ ಓಣಿಯಲ್ಲಿ ಗೆಳತಿಯರನ್ನು ಕಟ್ಟಿಕೊಂಡು ಆಡುವಾಗ ತಾನೇ ದ್ಯಾಮವ್ವ ಆಗಬೇಕೆಂದು ಜಗಳಕ್ಕೆ ನಿಲ್ಲುತ್ತಾಳೆ. ಒಂದು ದಿನ ಪಕ್ಕದ ಮನೆಯ ಹುಡುಗಿ, “ನೀ ನಿಮ್ಮವ್ವ ಆಗು, ತಡೆಗೈ” ಎಂದಳು. “ಒಲ್ಲೆ, ಅದರಾಗ ಏನೂ ಇಲ್ಲ” ಎಂದಳು ನನ್ನ ಮಗಳು. ಬಾಗಿಲ ಹಿಂದೆ ನಿಂತಿದ್ದ ನನ್ನ ಕೈಯಲ್ಲಿ ತೊಳೆದ ತಟ್ಟೆ ಇತ್ತು. ಮತ್ತೊಮ್ಮೆ ತೊಳೆದೆ.

ಹೊಟ್ಟೆಕಿಚ್ಚಿಗೆ ಒಂದು ಗುಣವಿದೆ, ಅದು ಕಣ್ಣು ಮುಚ್ಚಲು ಬಿಡುವುದಿಲ್ಲ. ಅವಳ ಒಂದೊಂದು ತೂತಿಗೂ ನಾನು ಬೆಂಕಿಯಿಲ್ಲದ ಕಂದೀಲು ಹಿಡಿದು ಇಣುಕುತ್ತಿದ್ದೆ. ಇವತ್ತು ತಪ್ಪು ಸಿಗುತ್ತದೆ, ಇವತ್ತು ಸಿಕ್ಕೇ ಸಿಗುತ್ತದೆ ಎಂದು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ಸಿಗದ ದಿನ ಊಟ ರುಚಿಸುತ್ತಿರಲಿಲ್ಲ.

ಹೋದ ತಿಂಗಳು ಶಾಲೆಗೆ ದೊಡ್ಡ ಕೋಣೆಯೊಂದನ್ನು ತೆಗೆಯುವುದೆಂದು ನಿರ್ಧಾರವಾಯಿತು. ಗುಡ್ಡದ ಬಡಗಣ ಮೈಯಲ್ಲಿ ನೀವು ಕಲ್ಲು ತೆಗೆದು ಬಿಟ್ಟುಹೋದ ಒಂದು ಕಣಿ ಇದೆ. ಅದರ ಗೋಡೆಯನ್ನೇ ಒಳಕ್ಕೆ ಸಿಡಿಸಿದರೆ ಕೋಣೆಗೆ ಗಾಳಿಯೂ ಬರುತ್ತದೆಂದು ನಮ್ಮ ಕೆಲಸದ ಯಜಮಾನ ಮೌಲಾಸಾಬ ಬಾಗವಾನ ಯೋಜನೆ ಹಾಕಿದ್ದ. ನಿಮ್ಮ ಕಾಲದ ತೂತುಗಳಿಗೆ ನಾವು ಹಳೆಗಾಯ ಎನ್ನುತ್ತೇವೆ. ಹಳೆಗಾಯ ಇರುವ ಕಡೆ ಹೊಸ ತೂತು ಹಾಕಬಾರದು, ಏಕೆಂದರೆ ಒಳಗೆ ಸಿಡಿಯದ ಮದ್ದು ಉಳಿದಿರಬಹುದು. ಆ ಕಣಿಗೆ ನಿಮ್ಮಲ್ಲಿ ಸನ್ನದೇ ಇರಲಿಲ್ಲವೆಂದು ಕಾಣುತ್ತದೆ, ಅಲ್ಲಿ ಯಾರು ಎಲ್ಲಿ ಕೊರೆದರೆಂಬುದಕ್ಕೆ ಒಂದು ಅಕ್ಷರವೂ ಸಿಗಲಿಲ್ಲ. ಗೋಡೆಗೆ ನೀರು ಹೊಡೆದು, ಬೆಳಕು ಹಾಯಿಸಿ ನೋಡಿದೆವು, ಏನೂ ಕಾಣಲಿಲ್ಲ. ದ್ಯಾಮವ್ವ ಗುರುತು ಹಾಕಿದಳು, ಕೊರೆದಳು, ತುಂಬಿಸಿದಳು.

ಆ ದಿನ ಬೆಳಿಗ್ಗೆ ಊರಿಗೆ ಊರೇ ಮೇಲೆ ಬಂದಿತ್ತು. ಶಾಲೆಯ ಮಕ್ಕಳು ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಹಗ್ಗದ ಆಚೆ ಸಾಲಾಗಿ ಕುಳಿತಿದ್ದರು. ಬಿಸಿಲೇರುವ ಮುಂಚೆ ಸಿಡಿಸಿ ಎಲ್ಲರೂ ಒಳಗೆ ಹೋಗಬೇಕಿತ್ತು. ನಾನು ಕಡೆಯ ಸುತ್ತು ನೋಡಲು ಗೋಡೆಯ ಬಳಿ ಹೋದೆ. ಎಡಗಡೆ ಮೂಲೆಯ ಒಂದು ಸೀಳಿನಲ್ಲಿ, ಕಲ್ಲಿನ ಹಿಟ್ಟು ಉದುರಿದ ಕಡೆ, ಹಳದಿ ಬಣ್ಣದ ಏನೋ ಒಂದು ಉಗುರಿನಷ್ಟು ಕಂಡಿತು. ಬೇರಿರಬಹುದು. ಪಾಚಿಯಿರಬಹುದು. ಅಥವಾ ನೀವು ಮದ್ದಿಗೆ ಜೋಡಿಸುತ್ತಿದ್ದ ನಳಿಗೆಯ ತುಂಡೂ ಇರಬಹುದು. ಅಂಥ ನಳಿಗೆಯನ್ನು ನಾನು ಕಲಿಯುವಾಗ ಗಾಜಿನ ಪೆಟ್ಟಿಗೆಯಲ್ಲಿ ನೋಡಿದ್ದೆ. ಅಲ್ಲೇ ನಿಂತೆ. ಹಿಂದೆ ದ್ಯಾಮವ್ವನ ಹೆಸರು ಹಿಡಿದು ಮಕ್ಕಳು ಕೂಗುತ್ತಿದ್ದರು, ಅದರಲ್ಲಿ ನನ್ನ ಗಂಗಾಳ ದನಿಯೂ ಇತ್ತು. ಈಗ ನಾನು ಬಾಯಿಬಿಟ್ಟರೆ ಊರು ಏನನ್ನುತ್ತದೆಂದು ನನಗೆ ಗೊತ್ತಿತ್ತು. ಅವಳ ದಿನವನ್ನು ಹಾಳುಮಾಡುವ ಆಸೆ ನನಗಿತ್ತೆಂಬುದೂ ನನಗೆ ಗೊತ್ತಿತ್ತು.

“ತಡೆ” ಎಂದೆ.

ಮೌಲಾಸಾಬ ಓಡಿ ಬಂದ. “ನೀಲವ್ವಾ, ಇವತ್ತ ಬ್ಯಾಡ ಮಾರಾಯ್ತಿ. ಮಕ್ಕಳು ಬಿಸಲಾಗ ಕುಂತಾವು. ಏನ್ ಕಂಡಿ ಅದನ್ನ ಹೇಳು.”

“ಹಳದಿ ಏನೋ ಐತಿ.”

“ಏನೋ ಅಂದ್ರ?”

“ಗೊತ್ತಿಲ್ಲ. ಗೊತ್ತಿಲ್ಲ ಅಂತನ ತಡೆ ಅಂದೀನಿ.”

ದ್ಯಾಮವ್ವ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮುಂದೆ ಬಂದು ನಿಂತಳು. ಅವಳು ದನಿ ಏರಿಸಲಿಲ್ಲ. “ಖರೇ ಹೇಳು. ನನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ ಮಾಡಾಕತ್ತಿಯೇನು?”

“ಹೊಟ್ಟಿಕಿಚ್ಚು ಐತಿ” ಎಂದೆ. “ಇಷ್ಟು ವರ್ಷದಿಂದ ಐತಿ. ಅಲ್ಲಿ ಹಳದಿ ಇರೋದೂ ಖರೇ ಐತಿ. ಎರಡೂ ಖರೇ.”

ಅವಳು ಜನರ ಕಡೆ ತಿರುಗಿ, “ಇವತ್ತಿಲ್ಲ, ಒಳಗ ನಡೀರಿ” ಎಂದಳು. ಅದನ್ನೂ ಎಷ್ಟು ಚೆನ್ನಾಗಿ ಕೂಗಿದಳೆಂದರೆ, ನನಗೆ ಅದರ ಮೇಲೂ ಹೊಟ್ಟೆ ಉರಿಯಿತು. ಜನ ಗೊಣಗುತ್ತ ಎದ್ದರು. “ಕಂಡವರ ಏಳಿಗಿ ನೋಡಾಕಾಗೂದಿಲ್ಲ ಕೆಲವರಿಗೆ” ಎಂದು ಯಾರೋ ನನಗೆ ಕೇಳಿಸುವಂತೆಯೇ ಅಂದರು. ಗಂಗಾ ದಾರಿಯುದ್ದಕ್ಕೂ ನನ್ನ ಕೈ ಹಿಡಿಯಲಿಲ್ಲ.

ಸನ್ನದು ಮಂಡಳಿಯಿಂದ ವಿರೂಪಾಕ್ಷಿ ದೇಸಾಯಿಯವರೇ ಬಂದರು. ಅವರಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ದ್ಯಾಮವ್ವನ ಮದ್ದನ್ನು ಮೊದಲು ಜೋಪಾನವಾಗಿ ಹೊರಗೆ ತೆಗೆಸಿದರು. ಆಮೇಲೆ ಎಲ್ಲರನ್ನೂ ದೂರ ಕಳಿಸಿ, ದೂರದಿಂದಲೇ ನಡೆಸುವ ಯಂತ್ರದಿಂದ ಆ ಸೀಳಿಗೆ ನೀರು ಬಿಟ್ಟರು. ಮಣ್ಣು ಕರಗಿತು, ಕಲ್ಲಿನ ಚಕ್ಕೆ ಬಿತ್ತು, ಹಳದಿ ನಳಿಗೆ ಗೇಣುದ್ದ ಹೊರಬಂತು. ಅದರ ಹಿಂದೆ ನಿಮ್ಮ ತೂತು, ತೂತಿನಲ್ಲಿ ನಿಮ್ಮ ಮದ್ದು, ಮದ್ದಿನೊಳಗೆ ಸಿಡಿಕಡ್ಡಿ. ದ್ಯಾಮವ್ವ ಕೊರೆದ ತೂತು ಅದಕ್ಕೆ ಅಂಗೈಯಗಲದ ದೂರದಲ್ಲಿ ಹಾದುಹೋಗಿತ್ತು. ಅವಳು ಕೀಲಿ ತಿರುಗಿಸಿದ್ದರೆ ಆ ಮೂಲೆಯ ಬಂಡೆ ಒಳಕ್ಕೆ ಬೀಳುವ ಬದಲು ಹೊರಕ್ಕೆ, ಹಗ್ಗದ ಕಡೆಗೆ, ಹಾರುತ್ತಿತ್ತು. ಅಧಿಕಾರಿ ಇದನ್ನು ಹೇಳುವಾಗ ಮೌಲಾಸಾಬ ಕುಕ್ಕರಗಾಲಲ್ಲಿ ಕುಳಿತವನು ಏಳಲೇ ಇಲ್ಲ.

ನಿಮ್ಮ ಮದ್ದನ್ನು ಇದ್ದ ಜಾಗದಲ್ಲೇ ಸಿಡಿಸಿ ಮುಗಿಸಬೇಕಿತ್ತು. ಅದಕ್ಕೆ ಒಡೆಗೈಯೇ ಬೇಕು. ಊರೆಲ್ಲ ಗುಡ್ಡದೊಳಗೆ ಕುಳಿತಾಗ ದ್ಯಾಮವ್ವ ಹೋಗಿ ಆ ಕೆಲಸ ಮಾಡಿ ಬಂದಳು. ದೂಳು ಮೆತ್ತಿದ ಮುಖದಲ್ಲಿ ಅವಳು ಓಣಿಗೆ ಇಳಿದು ಬಂದಾಗ ಹೆಂಗಸರು ಆರತಿ ಎತ್ತಿದರು. ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಹಾಡಿದರು. ಹುಡುಕಿದವಳು ನಾನು, ಹಾಡು ಅವಳ ಮೇಲೆ! ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ದೇಸಾಯಿಯವರು ನನ್ನ ಪಕ್ಕಕ್ಕೆ ಬಂದು, “ಹೊಳಿ ಆಚಿ ಗುಡ್ಡಕ್ಕ ಒಡೆಗೈ ಬೇಕಾಗ್ಯಾರ. ಹೋಗ್ತೀಯೇನು?” ಎಂದು ಕೇಳಿದರು. ಕೇಳಿ ಮುಗಿಸುವ ಮುಂಚೆಯೇ ನಾನು ಹೂಂ ಎಂದಿದ್ದೆ.

ಹೊಳೆಯಾಚೆಯ ಜನ ನನ್ನನ್ನು ಬಾಜಾ ಬಜಂತ್ರಿಯೊಂದಿಗೆ ಕರೆದುಕೊಂಡರು. ಒಬ್ಬಟ್ಟು ಬಂತು. ಕೀಲಿ ನನ್ನ ಸೊಂಟಕ್ಕೆ ಬಂತು. ನಾನು ಗುರುತು ಹಾಕಿದ್ದನ್ನು ಅಲ್ಲಿ ಯಾರೂ ನಿಧಾನವೆಂದು ಹೇಳಲಿಲ್ಲ. ಮೊದಲ ಗೋಡೆ ತುಂಬಿಸಿ ಮುಗಿಸಿದ ಬೆಳಿಗ್ಗೆ ನನ್ನ ಜೋಡಿಯ ತಡೆಗೈ ಪರಸಪ್ಪ ಮುಗುಳ್ನಗುತ್ತ ಬಂದು, ನೋಡಿದಂತೆ ಮಾಡಿ, ಒಪ್ಪಿಗೆ ಕೊಟ್ಟುಬಿಟ್ಟ.

“ತೂತಿನ ಒಳಗ ಇಣುಕಲೇ ಇಲ್ಲಲ್ಲೋ” ಎಂದೆ.

“ಅಕ್ಕಾರ, ಆ ಹಳೆಗಾಯ ಕಂಡವರು ನೀವು. ನಿಮ್ಮ ತೂತಿನ್ಯಾಗ ನಾ ಏನು ಇಣುಕ್ಲಿ? ನೀವಂದ್ರ ನನಗ ದೇವ್ರಿದ್ದಂಗ” ಎಂದ.

ಕೀಲಿಯ ಮೇಲೆ ನನ್ನ ಕೈ ಇತ್ತು. ಹಗ್ಗದಾಚೆ ಅಲ್ಲಿಯ ಮಕ್ಕಳು ನನ್ನ ಹೆಸರು ಕೂಗುತ್ತಿದ್ದರು. ಇಷ್ಟು ವರ್ಷ ನಾನು ಬೇಡಿಕೊಂಡದ್ದು ಇದೇ ಕೂಗು. ಆದರೆ ನಾನು ಎಲ್ಲಿ ತಪ್ಪಿದ್ದೇನೆಂದು ಹುಡುಕುವ ಒಬ್ಬ ಮನುಷ್ಯನೂ ಆ ಗುಡ್ಡದ ಮೇಲೆ ಇರಲಿಲ್ಲ. ಕೀಲಿ ತಿರುಗಿಸಲಿಲ್ಲ. ಎರಡೂ ಕೈ ಒಬ್ಬರೇ ಆಗಬಾರದೆಂಬ ನಿಯಮ ಇರುವುದರಿಂದ ನಾನೇ ಮತ್ತೆ ನೋಡಿಕೊಂಡು ಮುಂದುವರಿಯುವ ಹಾಗೂ ಇರಲಿಲ್ಲ. ಜನರನ್ನು ಕಳಿಸಿದೆ. ನನ್ನನ್ನು ಕಂಡರಾಗದ ಒಬ್ಬ ತಡೆಗೈಯನ್ನು ಕೊಡಿ ಎಂದು ಮಂಡಳಿಗೆ ಕೇಳಿದೆ. ಹಾಗೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲವೆಂದು ಉತ್ತರ ಬಂತು. ಕೀಲಿ ಒಪ್ಪಿಸಿ, ಹೊಳೆ ದಾಟಿ, ಮರಳಿ ಬಂದೆ.

ನಾನಿಲ್ಲದ ದಿನಗಳಲ್ಲಿ ದ್ಯಾಮವ್ವ ಒಂದು ಗೋಡೆಯನ್ನೂ ಸಿಡಿಸಿರಲಿಲ್ಲ. ಬೇರೆ ತಡೆಗೈಗಳನ್ನು ಕಳಿಸಿದರೆ ಒಲ್ಲೆನೆಂದಿದ್ದಳಂತೆ. ನಾನು ಕಣಿಗೆ ಹೋದಾಗ ಅವಳು ಕಲ್ಲಿನ ಮೇಲೆ ಕುಳಿತು ಸೀಮೆಸುಣ್ಣ ಚೂಪು ಮಾಡುತ್ತಿದ್ದಳು.

“ಬಂದ್ಯಾ” ಎಂದಳು. “ನೀ ಅಷ್ಟು ಹೊಟ್ಟಿಕಿಚ್ಚಿಲೆ ನೋಡ್ತಿದ್ದಿ ಅಂತನ ನನಗ ರಾತ್ರಿ ನಿದ್ದಿ ಬರ್ತಿತ್ತು.”

ನಾನು ಕಂದೀಲು ತೆಗೆದುಕೊಂಡು ಗೋಡೆಯ ಕಡೆ ಹೋದೆ. ಹಿರಿಯರೇ, ಅವಳ ಕೈ, ಅವಳ ದನಿ, ಅವಳ ಒಬ್ಬಟ್ಟುಗಳ ಮೇಲಿನ ನನ್ನ ಉರಿ ಹಾಗೆಯೇ ಇದೆ, ಅದರ ಮೇಲೆ ಈಗ ಇನ್ನೊಂದು ಸೇರಿದೆ. ಅವಳಿಗೆ ನಾನಿದ್ದೇನೆ. ನನಗೆ ಅಂಥವರು ಯಾರೂ ಇರಲಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಸಿಡಿಯದೆ ಉಳಿದದ್ದನ್ನು ಮಣ್ಣು ಮುಚ್ಚಿ ಬಿಟ್ಟುಹೋಗಬೇಡಿ, ಇದನ್ನು ಎಲ್ಲರೂ ಬರೆಯುತ್ತಾರೆ, ನಾನೂ ಬರೆದಿದ್ದೇನೆ. ಇದಕ್ಕಿಂತ ಮುಖ್ಯವಾದದ್ದು, ಮದ್ದಿಗೆ ಕೈ ಹಾಕುವ ಮುಂಚೆ ನಿಮ್ಮನ್ನು ಮೆಚ್ಚುವವರನ್ನೆಲ್ಲ ಹಗ್ಗದಾಚೆ ಕೂರಿಸಿರಿ. ನಿಮ್ಮ ಏಳಿಗೆ ಕಂಡು ಊಟ ಸೇರದವರು ಯಾರಾದರೂ ಇದ್ದರೆ ಅವರನ್ನು ಹುಡುಕಿ, ಕಂದೀಲು ಕೊಟ್ಟು, ಗೋಡೆಯ ಹತ್ತಿರ ಕರೆತನ್ನಿರಿ. ಅವರು ಹೂಂ ಎಂದ ಮೇಲೆ ನೀವು ನಿಶ್ಚಿಂತೆಯಿಂದ ಕೀಲಿ ತಿರುಗಿಸಬಹುದು.

ಬೇವಿನ ನೆರಳಿನಲ್ಲಿ ಸುಖವಾಗಿ ಮಲಗಿರಿ. ನಾನಂತೂ ಅದನ್ನು ನೆನೆದು ಉರಿಯುತ್ತಲೇ ಇರುತ್ತೇನೆ.

ನಿಮ್ಮ ಮದ್ದನ್ನು ಕಂಡವಳು,
ನೀಲವ್ವ ಹೂಲಗೇರಿ, ತಡೆಗೈ