ಟೈ ನೋಡಿ ಮಾರ್ಕು ಕೊಟ್ಟ ಸಾಹೇಬರಿಗೆ

ಮಾನ್ಯ ಕಲಿಕಾ ಮಟ್ಟ ಪರಿಶೀಲನಾಧಿಕಾರಿಗಳೇ,

ಅಕ್ಕಿಆಲೂರಿನ ಹತ್ತಿರದ ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮಕ್ಕಳು ದಡ್ಡರೆಂದು ತಾವು ತೀರ್ಮಾನಿಸಿದ್ದೀರಿ. ದಡ್ಡರು ಎಂಬ ಶಬ್ದವನ್ನು ಬಳಸಿಲ್ಲ, ನಿಜ. ತಮ್ಮಂಥ ಓದಿದವರಿಗೆ ಅದರ ಅಗತ್ಯ ಬೀಳುವುದಿಲ್ಲ. ‘ಕೌಟುಂಬಿಕ ಹಿನ್ನೆಲೆಯ ಕಾರಣ ಕಲಿಕೆ ಕುಂಠಿತ’ ಎಂದಿದ್ದೀರಿ. ಆದ್ದರಿಂದ ನಮ್ಮ ಶಾಲೆಯನ್ನು ದೊಡ್ಡ ರಸ್ತೆಯಾಚೆಯ ಶಾಲೆಯೊಂದಿಗೆ ವಿಲೀನಗೊಳಿಸಬೇಕಂತೆ. ಎಂಥ ಮೃದುವಾದ ಮಾತು! ಸಕ್ಕರೆ ಹಾಲಿನಲ್ಲಿ ವಿಲೀನವಾದರೆ ಸಿಹಿಯಾದರೂ ಉಳಿಯುತ್ತದೆ. ನಮ್ಮ ಶಾಲೆ ವಿಲೀನವಾದರೆ ಉಳಿಯುವುದು ಬಾಗಿಲಿಗೆ ಹಾಕಿದ ಬೀಗ.

ನಾನು ಈ ಶಾಲೆಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷೆ. ಊರಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ನನ್ನ ಮಗಳು ಸಂಘಮಿತ್ರಾ ಇಲ್ಲಿಯೇ ನಾಲ್ಕನೆಯ ತರಗತಿಯಲ್ಲಿದ್ದಾಳೆ. ತಾವು ಪರಿಶೀಲನೆಗೆ ಬಂದ ದಿನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಹೆಂಗಸು ನಾನೇ. ತಾವು ನನ್ನನ್ನು ಅಡುಗೆಯವಳೆಂದು ತಿಳಿದು ನೀರು ಕೇಳಿದಿರಿ, ನಾನು ತಂದುಕೊಟ್ಟೆ. ಅದಕ್ಕೆ ನನ್ನ ತಕರಾರಿಲ್ಲ. ಅಡುಗೆಯವರ ಮೇಲೆ ನನಗೆ ಗೌರವವಿದೆ.

ಮೊದಲು ಆ ಹಿನ್ನೆಲೆಯ ಸಂಗತಿ. ನಮ್ಮ ಶಾಲೆಗೆ ಬರುವವರು ಗೋಡೆಗೆ ಬುದ್ಧನ ಫೋಟೋ ಹಾಕಿಕೊಂಡ ನಮ್ಮ ಓಣಿಯ ಮಕ್ಕಳು, ಮಸೀದಿ ಓಣಿಯ ಮಕ್ಕಳು ಮತ್ತು ಕುರಿ ಸಾಕುವ ಕೆಲವು ಮನೆಗಳವರು. ಊರಿನ ಉಳಿದ ಮಕ್ಕಳು ಬೆಳಿಗ್ಗೆ ವ್ಯಾನು ಹತ್ತಿ ಪ್ಯಾಟಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಹೋಗಲಿ, ಮಕ್ಕಳ ಒಳ್ಳೆಯದನ್ನು ಬಯಸುವುದು ತಪ್ಪೇ? ಆದರೆ ಅವರಲ್ಲಿ ಎಷ್ಟೋ ಜನ ಓದು ಕಲಿತದ್ದು ಇಲ್ಲಿಯೇ. ಒಂದು ಮಗು ತಡವರಿಸದೆ ಓದತೊಡಗಿದ ಕೂಡಲೇ ‘ಇಷ್ಟು ಶಾಣ್ಯಾ ಕೂಸನ್ನು ಇಲ್ಲಿ ಯಾಕೆ ಬಿಡಬೇಕು’ ಎಂದು ಮನೆಯವರಿಗೆ ಅನ್ನಿಸುತ್ತದೆ. ನಾವು ಮೊಸರು ಕಡೆಯುತ್ತೇವೆ, ಬೆಣ್ಣೆ ವ್ಯಾನು ಹತ್ತುತ್ತದೆ, ತಾವು ಜೀಪಿನಲ್ಲಿ ಬಂದು ಮಜ್ಜಿಗೆಯಲ್ಲಿ ಬೆಣ್ಣೆಯೇ ಇಲ್ಲವಲ್ಲ ಎನ್ನುತ್ತೀರಿ. ಮಜ್ಜಿಗೆ ಎಂದದ್ದಕ್ಕೆ ನಮ್ಮ ಮಕ್ಕಳು ನನ್ನನ್ನು ಕ್ಷಮಿಸಲಿ. ಅಲ್ಲಿಯೂ ಬೆಣ್ಣೆ ಉಂಟು ಎಂದು ಹೇಳುವುದಕ್ಕೇ ಈ ಪತ್ರ.

ಹೀಗೆ ವ್ಯಾನು ಹತ್ತಿದವರಲ್ಲಿ ದುರ್ಗೇಶನೂ ಒಬ್ಬ. ನನ್ನ ಅಂಗಡಿಯ ಪಕ್ಕದ ಮನೆಯ ಸುನಿತಾಳ ಮಗ. ನಮ್ಮ ಶಾಲೆಯಲ್ಲಿದ್ದಾಗ ನನ್ನ ಅಂಗಡಿಗೆ ಬಂದು ಪೇಪರಿನ ತಲೆಬರಹಗಳನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ಇಂಗ್ಲಿಷ್ ಶಾಲೆಗೆ ಸೇರಿದ ಮೇಲೆ ಅಂಗಡಿಯ ಕಡೆ ಬರುವುದು ಕಡಿಮೆಯಾಯಿತು. ಅವನ ಅಕ್ಕನೂ ಅದೇ ಶಾಲೆಯಲ್ಲಿ ಓದುತ್ತಾಳೆ. ಅವಳಿಗೆ ಸಣ್ಣದಾದ ಸಮವಸ್ತ್ರವನ್ನು ಸುನಿತಾ ಮಸೀದಿ ಓಣಿಯ ಗುಲ್ನಾಜಳಿಗೆ ಕೊಟ್ಟಳು. ಇಲಾಖೆಯ ಸಮವಸ್ತ್ರ ಆಗ ಇನ್ನೂ ಬಂದಿರಲಿಲ್ಲ, ದಾರಿಯಲ್ಲಿತ್ತು. ಎಲ್ಲಿಯ ದಾರಿಯೆಂದು ತಮಗೇ ಗೊತ್ತು. ನಾನು ಅಂಗಿಯ ತೋಳು ಕತ್ತರಿಸಿ, ಲಂಗದ ಸೊಂಟ ಹಿಡಿದು ಗುಲ್ನಾಜಳ ಅಳತೆಗೆ ತಂದೆ. ಟೈ ಬೇಡವೆಂದರೂ ಅವಳು ಕೇಳಲಿಲ್ಲ. ಕೆಂಪು ಟೈ, ಅದರ ಮೇಲೆ ಬಂಗಾರದ ಬಣ್ಣದ ಗೆರೆ. ಯಾರಿಗೆ ತಾನೇ ಆಸೆಯಾಗುವುದಿಲ್ಲ?

ತಾವು ಬಂದ ದಿನ ಇಂಗ್ಲಿಷ್ ಶಾಲೆಯ ವ್ಯಾನು ಕೆಟ್ಟು ನಿಂತಿತ್ತು. ಸುನಿತಾಳ ಮನೆಯವರೆಲ್ಲ ಭತ್ತದ ನಾಟಿಗೆ ಹೋಗಿದ್ದರು. ಒಬ್ಬನೇ ಉಳಿದ ದುರ್ಗೇಶ ಗುಂಡಿ ಕಿತ್ತ ಅಂಗಿಯಲ್ಲಿ ಹಳೆಯ ಶಾಲೆಗೆ ಬಂದು ಗುಲ್ನಾಜಳ ಪಕ್ಕ ಕುಳಿತ. ಅವತ್ತು ಬಿಸಿಯೂಟಕ್ಕೆ ಮೊಟ್ಟೆ ಇತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಮುಖ್ಯ ಶಿಕ್ಷಕಿ ಮಾದೇವಿ ಅಕ್ಕೋರು ಅವನನ್ನು ಹೊರಗೆ ಹಾಕಲಿಲ್ಲ. ಬಂದ ಮಗುವನ್ನು ಹೊರಗೆ ಹಾಕುವುದು ಅವರಿಗೆ ಇನ್ನೂ ಅಭ್ಯಾಸವಾಗಿಲ್ಲ.

ತಾವು ಮೊದಲು ಎಬ್ಬಿಸಿದ್ದು ದುರ್ಗೇಶನನ್ನು. ಕನ್ನಡ ಪುಸ್ತಕ ಕೊಟ್ಟಿರಿ. ಅವನು ಅಕ್ಷರ ಅಕ್ಷರ ಕೂಡಿಸಿ ಓದುತ್ತ ಮೊದಲ ಒತ್ತಕ್ಷರಕ್ಕೇ ಎಡವಿ ನಿಂತ. ಆಮೇಲೆ ಗುಲ್ನಾಜಳನ್ನು ಎಬ್ಬಿಸಿದಿರಿ. ಅವಳು ಪುಟವನ್ನು ಪೂರ್ತಿ ಓದಿದಳು, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿದಳು, ಬೋರ್ಡಿನ ಮೇಲೆ ಭಾಗಾಕಾರ ಮಾಡಿ ಶೇಷವನ್ನೂ ತೋರಿಸಿದಳು. ತಮ್ಮ ಮುಖ ಅರಳಿತು. ಕಾನ್ವೆಂಟಿನ ತಳಪಾಯವೆಂದರೆ ಹೀಗಿರುತ್ತದೆ ನೋಡಿ ಎಂದಿರಿ, ಈ ಹುಡುಗಿ ಇಲ್ಲಿಗೇಕೆ ಬಂದಿದ್ದಾಳೆ ಎಂದೂ ಕೇಳಿದಿರಿ. ಅಕ್ಕೋರು ಬಾಯಿ ತೆರೆಯುವಷ್ಟರಲ್ಲಿ ದುರ್ಗೇಶನ ತಲೆಯ ಮೇಲೆ ಕೈಯಿಟ್ಟು ಅವರನ್ನೇ ಸಮಾಧಾನ ಮಾಡಿದಿರಿ:

“ನಿಮ್ದೇನೂ ತಪ್ಪಿಲ್ಲ ಬಿಡ್ರಿ ಅಕ್ಕೋರ. ಇಂಥಾ ಮನೆತನದಿಂದ ಬಂದ ಹುಡುಗರಿಗೆ ನೀವರ ಏನ್ ಕಲಸ್ತೀರಿ?”

ನನಗೆ ನಗು ತಡೆಯಲಾಗಲಿಲ್ಲ. ಅಧಿಕಾರಿಗಳ ಎದುರು ನಗಬಾರದು, ಗೊತ್ತು. ನಕ್ಕ ಮೇಲೆ ಹೇಳಲೇಬೇಕಾಯಿತು: “ಸಾಹೇಬ್ರ, ಟೈ ಹಾಕ್ಕೊಂಡಾಕಿ ನಮ್ಮ ಸಾಲಿಯಾಕಿ ರೀ. ಅಂವ ಕಾನ್ವೆಂಟಿನಾಂವ.”

ತಾವು ಒಮ್ಮೆ ಟೈ ನೋಡಿದಿರಿ, ಒಮ್ಮೆ ನನ್ನನ್ನು ನೋಡಿದಿರಿ, ಕೊನೆಗೆ ಗುಲ್ನಾಜಳನ್ನೇ ಹೌದೇ ಎಂದು ಕೇಳಿದಿರಿ.

“ಹೌದ್ರಿ,” ಎಂದಳು ಅವಳು. “ಟೈ ಅಷ್ಟ ಅಲ್ಲೀದು.”

ಇಡೀ ತರಗತಿ ನಕ್ಕಿತು, ದುರ್ಗೇಶನೊಬ್ಬನನ್ನು ಬಿಟ್ಟು. ಅವನು ತಲೆ ತಗ್ಗಿಸಿ ಕುಳಿತಿದ್ದ. ಗುಲ್ನಾಜ ಪುಸ್ತಕವನ್ನು ಇಬ್ಬರ ನಡುವೆ ಎಳೆದಿಟ್ಟು ಅವನು ನಿಂತುಹೋದ ಒತ್ತಕ್ಷರದ ಕೆಳಗೆ ಬೆರಳಿಟ್ಟಳು. ಅವನು ಸಣ್ಣ ದನಿಯಲ್ಲಿ ಓದಿದ. ತಾವು ಅದನ್ನು ನೋಡಲಿಲ್ಲ, ಗಡಿಯಾರ ನೋಡುತ್ತಿದ್ದಿರಿ. ಉಳಿದ ಮಕ್ಕಳನ್ನೂ ಕೇಳಿರೆಂದು ಅಕ್ಕೋರು ಬೇಡಿಕೊಂಡರು. ಮುಂದೆ ಬೇರೆ ಶಾಲೆಗಳಿವೆ ಎಂದು ತಾವು ಹೊರಟಿರಿ. ಸಂಘಮಿತ್ರಾ ಎತ್ತಿದ ಕೈಯನ್ನು ತಮ್ಮ ಜೀಪು ತಿರುವು ದಾಟುವವರೆಗೂ ಇಳಿಸಲಿಲ್ಲ.

ಇಷ್ಟಾದ ಮೇಲೂ ತಮ್ಮ ತೀರ್ಮಾನ ಬದಲಾಗಲಿಲ್ಲ. ನನ್ನ ಸಣ್ಣ ಅನುಮಾನವೊಂದನ್ನು ಪರಿಹರಿಸಿ. ಗುಲ್ನಾಜ ಓದಿದ್ದು ಟೈಯಿಂದಾದರೆ, ಟೈ ನಮ್ಮದಲ್ಲವೆಂದು ಗೊತ್ತಾದ ಮೇಲೆ ಅವಳ ಓದು ಯಾರ ಲೆಕ್ಕಕ್ಕೆ ಹೋಯಿತು? ದುರ್ಗೇಶ ಎಡವಿದ್ದು ಮನೆತನದಿಂದಾದರೆ, ಅವನ ತಾಯಿ ಸುನಿತಾ ಪಿಯುಸಿ ಪಾಸಾದವಳು ಎಂಬುದನ್ನು ಏನು ಮಾಡೋಣ? ಗುಲ್ನಾಜಳ ಮನೆಯಲ್ಲಿ ಮೊದಲು ಅಕ್ಷರ ಕಲಿತವಳು ಗುಲ್ನಾಜಳೇ. ಅವಳು ಮನೆಯಲ್ಲಿ ಆಡುವುದು ಉರ್ದು, ಓದಿದ್ದು ಕನ್ನಡ. ಅಂದರೆ ತಮ್ಮ ಸಿದ್ಧಾಂತ ಇಬ್ಬರು ಮಕ್ಕಳ ಮುಂದೆಯೂ ನಿಲ್ಲಲಿಲ್ಲ. ಅದನ್ನೇ ನಂಬಿ ಇಡೀ ಶಾಲೆಯನ್ನು ಹೇಗೆ ಮುಚ್ಚುತ್ತೀರಿ?

ವಿಲೀನದ ಸುದ್ದಿ ಬಂದ ಮೇಲೆ ಗುಲ್ನಾಜಳ ತಂದೆ ಹಯಾತನ ಮನೆಗೆ ಹೋದೆ. ಅವನು ಅಕ್ಕಿ ಗಿರಣಿಯ ಲಾರಿ ಓಡಿಸುತ್ತಾನೆ. ಶಾಲೆ ದೂರವಾದರೂ ಮಗಳನ್ನು ಬಿಡಿಸಬೇಡವೆಂದು ಬಹಳ ಹೊತ್ತು ಹೇಳಿದೆ. ಚಹಾ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ, “ಅಕ್ಕಾ, ಆ ರಸ್ತಾದಾಗ ನಾವು ಹೆಂಗ ಗಾಡಿ ಹೊಡಿತೇವಿ ಅನ್ನೂದು ನನಗ ಗೊತ್ತೈತಿ. ನನ್ನ ಮಗಳು ಅದನ್ನ ದಾಟೂದು ಬ್ಯಾಡ,” ಎಂದ. ಲಾರಿಯವನೇ ಲಾರಿಗೆ ಹೆದರಿದರೆ ನಾನು ಏನು ಧೈರ್ಯ ಹೇಳಲಿ? ಗುಲ್ನಾಜ ಒಳಗೆ ತಮ್ಮನನ್ನು ಆಡಿಸುತ್ತಿದ್ದಳು. ಮುಂದೆ ಅವಳ ಕೆಲಸ ಅದೇ ಎಂದು ಆ ಮನೆಯಲ್ಲಿ ಆಗಲೇ ನಿರ್ಧಾರವಾಗಿತ್ತು.

ಅದೇ ವಾರ ಸುನಿತಾ ನನ್ನ ಅಂಗಡಿಗೆ ಬಂದಳು. ಮಗನ ಮರ್ಯಾದೆ ಹೋಯಿತೆಂದು ಜಗಳಕ್ಕೆ ಬಂದಳೆಂದುಕೊಂಡೆ. ಅವಳು ಸ್ಟೂಲಿನ ಮೇಲೆ ಕುಳಿತು, ಸಾಹೇಬರು ತನ್ನ ಮನೆತನಕ್ಕೆ ಏನಂದರು ಎಂದು ಕೇಳಿದಳು. ಇದ್ದದ್ದನ್ನು ಹೇಳಿದೆ. ಅವಳಿಗೆ ತಮ್ಮ ಮೇಲೆ ಸಿಟ್ಟು ಬಂತೋ ಇಲ್ಲವೋ ತಿಳಿಯಲಿಲ್ಲ. “ನನ್ನ ಮಗಾ ಓದೂದು ಮರತಿದ್ದು ನನಗ ಗೊತ್ತ ಆಗಲಿಲ್ಲ ನೋಡಕ್ಕ,” ಎಂದು ಕಣ್ಣೊರೆಸಿಕೊಂಡಳು. ಸೋಮವಾರ ದುರ್ಗೇಶನ ಕೈ ಹಿಡಿದು ತಂದು ಮಾದೇವಿ ಅಕ್ಕೋರ ಮುಂದೆ ನಿಲ್ಲಿಸಿದಳು. ಅವಳನ್ನು ನೋಡಿ ಇನ್ನೂ ಕೆಲವು ತಾಯಂದಿರು ಮಕ್ಕಳನ್ನು ಮರಳಿ ಕರೆತಂದಿದ್ದಾರೆ. ನಮ್ಮ ಶಾಲೆಯ ಹಿನ್ನೆಲೆ ಈಗ ತಕ್ಕಮಟ್ಟಿಗೆ ಸುಧಾರಿಸಿದೆ. ತಮ್ಮ ಕೃಪೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಶಿಫಾರಸನ್ನು ತಡೆಹಿಡಿದು ತಾವು ಇನ್ನೊಮ್ಮೆ ಬನ್ನಿ. ಮುನ್ಸೂಚನೆ ಬೇಡ, ಹಾರ ತುರಾಯಿ ಇರುವುದಿಲ್ಲ. ಪ್ರತಿ ಮಗುವನ್ನೂ ಕೂರಿಸಿಕೊಂಡು ಓದಿಸಿ, ತಡವರಿಸಿದವರ ಮನೆತನ ಕೇಳುವ ಬದಲು ಇನ್ನೊಂದು ಅವಕಾಶ ಕೊಡಿ. ಆಮೇಲೂ ಶಾಲೆ ಮುಚ್ಚಲೇಬೇಕು ಎನಿಸಿದರೆ, ಮೊದಲ ದಿನ ಬೆಳಿಗ್ಗೆ ಗಿರಣಿಯ ಲಾರಿಗಳು ಹೊರಡುವ ಹೊತ್ತಿಗೆ ಬಂದು ನಮ್ಮ ಮಕ್ಕಳ ಕೈ ಹಿಡಿದು ತಾವೇ ಆ ರಸ್ತೆ ದಾಟಿಸಬೇಕು. ಹಯಾತ ಅಂದು ತನ್ನ ಲಾರಿಯನ್ನು ನಿಧಾನ ಓಡಿಸುವುದಾಗಿ ಒಪ್ಪಿದ್ದಾನೆ. ಉಳಿದ ಲಾರಿಗಳ ಬಗ್ಗೆ ನಾನು ಭರವಸೆ ಕೊಡಲಾರೆ.

ಇಂತಿ,
ಶಾಲೆ ಇರುವ ತನಕ ಅದರ ಸಮಿತಿಯ ಅಧ್ಯಕ್ಷೆ,
ಯಶೋಧರಾ