ಒಂದು ಪಾತ್ರೆ, ಎರಡು ಬಟ್ಟಲು

ಲಿಯೇಜ್, ಫೆಬ್ರವರಿ ೯

ಮುನಿದು ಕೂತ ನಾದೇಜ್‌ಗೆ,

ಕೆಳಗಿನ ಮನೆಯಿಂದ ಮೇಲಿನ ಮನೆಗೆ ಕಾಗದ ಬರೆಯುವ ಹುಚ್ಚಿ ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಬಾಗಿಲು ತಟ್ಟಿದರೆ ನೀನು ರೇಡಿಯೋ ಜೋರು ಮಾಡುತ್ತೀ.

ತೀರ್ಪು ಬಂತು. ಗೆದ್ದೆವು. ನಾವಿಬ್ಬರೂ ಒಂಟಿ ಹೆಂಗಸರೇ ಎಂದು ಒಪ್ಪಿ, ಎರಡು ವರ್ಷದ ನಿರುದ್ಯೋಗ ಭತ್ಯೆಯಲ್ಲಿ ನಮಗೆ ಹೆಚ್ಚು ಸಂದಿದೆಯೆಂದು ವಾಪಸ್ ಕೇಳಿದ್ದನ್ನು ಕಚೇರಿ ಕೈಬಿಟ್ಟಿದೆ. ಕಟ್ಟಬೇಕಾಗಿದ್ದರೆ ಇಬ್ಬರೂ ಬೀದಿಪಾಲು.

ಗಾಜಿನ ಕಾರ್ಖಾನೆ ಮುಚ್ಚಿದಾಗಿನಿಂದ ಎಷ್ಟು ಹುಷಾರಾಗಿದ್ದೆವು! ಒಂದೇ ಸಂಸಾರವೆಂದರೆ ಭತ್ಯೆಗೆ ಕತ್ತರಿ. ಅದಕ್ಕೇ ಎರಡು ಕರೆಗಂಟೆ, ಎರಡು ಕರೆಂಟ್ ಮೀಟರ್. ನನ್ನ ಉಪ್ಪು ನಿನ್ನ ಆಲೂಗಡ್ಡೆಯ ಮುಖ ನೋಡಿರಲಿಲ್ಲ. ಕೊನೆಗೆ ನಿನ್ನ ನ್ಯುಮೋನಿಯಾ ಕೆಡಿಸಿತು. ಸೂಪು ಮಾಡಿ ಪಾತ್ರೆ ಸಮೇತ ಮೇಲೆ ತಂದೆ. ಅದೇ ಬೆಳಿಗ್ಗೆ ಕಚೇರಿಯ ತಪಾಸಣೆಯವಳು ಬಂದಳು. ಒಳಗೆ ಬಿಡುವುದಿಲ್ಲ ಎನ್ನುವ ಹಕ್ಕು ನಮಗಿತ್ತಂತೆ. ನೀನೋ, ಜ್ವರದಲ್ಲೂ, “ಬನ್ನಿ ಮೇಡಂ, ಹೊರಗೆ ಚಳಿ, ಒಂದ್ ಕಾಫಿ ಕುಡೀರಿ” ಅಂದೆ! ಅವಳು ಕುಡಿದಳು, ಬರೆದುಕೊಂಡಳು: ಪಾತ್ರೆ ಒಂದು, ಬಟ್ಟಲು ಎರಡು, ನಿನ್ನ ಮಂಚದ ಕೆಳಗೆ ನನ್ನ ಚಪ್ಪಲಿ.

ವಿಚಾರಣೆಗೆ ಮುಂಚೆ ಯೂನಿಯನ್ನಿನ ವಾತ್ಲೆ ನನ್ನನ್ನು ಮೂಲೆಗೆ ಕರೆದ. “ನೋಡಿ ತಾಯೀ, ಕಾಯಿಲೆಯವರಿಗೆ ಸೂಪು ಕೊಟ್ರೆ ಸಂಸಾರ ಆಗಲ್ಲ, ಕಾನೂನು ನಿಮ್ ಕಡೆನೇ ಇದೆ. ಆ ಚಪ್ಪಲಿದೇ ತಾಪತ್ರಯ. ಕಣ್ಣೀರ್ ಮಾತ್ರ ಹಾಕ್ಬೇಡಿ” ಎಂದ.

ವಿಚಾರಣೆಯಲ್ಲಿ, ಚಪ್ಪಲಿ ಜ್ವರದ ರಾತ್ರಿ ಕಾವಲಿದ್ದಾಗ ಮರೆತದ್ದು ಎಂದೆ. ಅಧಿಕಾರಿ, ಮೇಲಿನ ಮನೆಯಾಕೆ ನಿಮಗೇನಾಗಬೇಕು ಎಂದು ಕೇಳಿದರು.

“ಏನೂ ಆಗ್ಬೇಕಿಲ್ಲ ಸ್ವಾಮಿ. ಪಾಪ ಅನ್ನಿಸ್ತು, ಕೊಟ್ಟೆ. ಬೀದಿನಾಯಿಗೂ ಹಾಕ್ತೀವಲ್ಲ!”

ಅವರು ನಕ್ಕರು. ನೀನು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದೆ.

ನಾಯಿಯ ಮಾತು ವಾತ್ಲೆ ಹೇಳಿಕೊಟ್ಟದ್ದಲ್ಲ, ಅದು ನನ್ನ ಸ್ವಂತ ಕೊಡುಗೆ. ನಗಿಸಿದರೆ ನಂಬುತ್ತಾರೆ ಅಂದುಕೊಂಡೆ. ನಂಬಿದರು. ನೀನೂ ನಂಬಿಬಿಟ್ಟೆಯಲ್ಲೇ.

ಕಚೇರಿಯ ಪ್ರಕಾರ ನಿನಗೆ ಏನೂ ಆಗಬೇಕಿಲ್ಲದ,
ಗಿಲೇನ್

ಮರೆತ ಮಾತು: ಸೂಪು ನಿನ್ನ ಬಾಗಿಲ ಮುಂದಿದೆ. ಬೇರೆ ಪಾತ್ರೆ ಕೊಂಡು ನಿನ್ನ ಹೆಸರು ಕೆತ್ತಿಸಿದ್ದೇನೆ. ಯಾರಾದರೂ ಕೇಳಿದರೆ ನೀನೇ ಮಾಡಿಕೊಂಡದ್ದು. ಬೇಡವೆನಿಸಿದರೆ ಚೆಲ್ಲು. ಚಪ್ಪಲಿಯನ್ನು ಮಾತ್ರ ಹೊರಗೆ ಹಾಕಬೇಡ. ಹನ್ನೊಂದು ವರ್ಷದಿಂದ ಅವಕ್ಕೆ ಬೇರೆ ಜಾಗ ಗೊತ್ತಿಲ್ಲ.